ಪೆದ್ದನ ಜೊತೆ ಪಂದ್ಯ

ಪಕ್ಕದ ಕೋಣೆಯ ತೊಟ್ಟಿಲು ಕಿರ್ರ್ ಎನ್ನುತ್ತಿದೆ, ಎಡಕ್ಕೆ ಹೋಗುವಾಗ ಸದ್ದಿಲ್ಲ, ಬಲಕ್ಕೆ ಬರುವಾಗ ಮಾತ್ರ ಕಿರ್ರ್, ಯಾರಾದರೂ ಅದಕ್ಕೊಂದು ಹನಿ ಎಣ್ಣೆ ಬಿಡಬಾರದೇ, ಯಾರಾದರೂ ಅಂದರೆ ಯಾರು, ಈ ರಕ್ತನಿಧಿಯಲ್ಲಿ ಯಾರಾದರೂ ಎಂಬ ಹುದ್ದೆಗೆ ಇನ್ನೂ ನೇಮಕಾತಿ ಆಗಿಲ್ಲ — ತೊಟ್ಟಿಲು ಎಂದರೆ ಮಗುವಿನ ತೊಟ್ಟಿಲಲ್ಲ, ಪ್ಲೇಟ್‌ಲೆಟ್ ತುಂಬಿದ ಹಳದಿ ಚೀಲಗಳನ್ನು ತಟ್ಟೆಗಳ ಮೇಲೆ ಮಲಗಿಸಿಕೊಂಡು ಹಗಲಿರುಳು ಅತ್ತಿತ್ತ ತೂಗುವ ಯಂತ್ರ, ತೂಗುವುದು ನಿಂತರೆ ಒಳಗಿನದ್ದು ಗಂಟುಕಟ್ಟಿ ಕೆಡುತ್ತದೆ, ತೂಗಿದರೂ ಐದೇ ದಿನ, ಆಮೇಲೆ ಕಸದ ಡಬ್ಬಿ, ಹೆಚ್ಚು ತರಿಸಿದರೆ ಯಾರೋ ಪುಣ್ಯಾತ್ಮರು ತೋಳು ಚಾಚಿ ಕೊಟ್ಟದ್ದು ಡಬ್ಬಿಯ ಪಾಲು, ಕಡಿಮೆ ತರಿಸಿದರೆ ಮೇಲಿನ ಮಹಡಿಯಲ್ಲಿ ಯಾರದೋ ಮೂಗಿನ ರಕ್ತ ನಿಲ್ಲುವುದಿಲ್ಲ, ಆದ್ದರಿಂದ ನಾಳೆ ಎಷ್ಟು ಚೀಲ ಬೇಕಾದೀತು ಎಂದು ಇವತ್ತೇ ಹೇಳುವವನೊಬ್ಬ ಬೇಕು, ಹೇಳಿದ್ದಕ್ಕೆ ಸಂಬಳ ಕೊಡುತ್ತಾರೆ, ಆ ಒಬ್ಬ ಅವನೇ, ನಾಳೆಯ ಗುಮಾಸ್ತ. ಕಂಪ್ಯೂಟರಿನ ಪರದೆಯ ಮೇಲೆ ಪರೀಕ್ಷೆಯ ಹಸಿರು ಪಟ್ಟಿ ತೆವಳುತ್ತಿದೆ, ಇನ್ನೂ ಅರ್ಧ ದಾಟಿಲ್ಲ, ಎರಡು ವರ್ಷದ ಒಂದೊಂದು ದಿನಕ್ಕೂ ಹಿಂದಕ್ಕೆ ಹೋಗಿ ನಿಲ್ಲಬೇಕು ಅದು, ನಿಂತು, ಮುಂದಿನದ್ದಕ್ಕೆಲ್ಲ ತೆರೆ ಎಳೆದು, ಅವತ್ತಿಗೆ ನಿನಗೆ ಗೊತ್ತಿದ್ದಷ್ಟರಲ್ಲೇ ನಾಳೆಯನ್ನು ಹೇಳಪ್ಪಾ ಎಂದು ಕೇಳಿ, ಹೇಳಿಸಿಕೊಂಡು, ಆಮೇಲೆ ತೆರೆ ಸರಿಸಿ, ನಿಜಕ್ಕೂ ಏನಾಯಿತು ನೋಡು ಎಂದು ಮುಖಕ್ಕೆ ಹಿಡಿಯಬೇಕು, ಮತ್ತೆ ಒಂದು ದಿನ ಮುಂದಕ್ಕೆ, ಮತ್ತೆ ತೆರೆ, ಮತ್ತೆ ಮುಖಕ್ಕೆ, ಹೀಗೆ ಓಡುವವರು ಇಬ್ಬರು, ಒಬ್ಬ ಜಾಣ, ತಾನು ಎರಡು ವರ್ಷ ಕೂತು ಕಟ್ಟಿದ ಲೆಕ್ಕದ ಮಾದರಿ, ಅದಕ್ಕೆ ಹವೆ ಗೊತ್ತು, ರಜೆ ಗೊತ್ತು, ಯಾವ ಶಸ್ತ್ರಚಿಕಿತ್ಸೆ ಯಾವ ವಾರ ಎಂದು ಗೊತ್ತು, ಇನ್ನೊಬ್ಬ ಪೆದ್ದ, ಪೆದ್ದನಿಗೆ ಗೊತ್ತಿರುವುದು ಒಂದೇ ಮಾತು, ಕಳೆದ ವಾರ ಇದೇ ದಿನ ಎಷ್ಟು ಹೋಯಿತೋ ಈ ವಾರವೂ ಅಷ್ಟೇ — ಹೆಸರಿಟ್ಟವರು ಯಾರೋ, ಈ ವಿಭಾಗದಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಯಾವ ಹೊಸ ಮಾದರಿ ಬಂದರೂ ಮೊದಲು ಪೆದ್ದನ ಜೊತೆ ಪಂದ್ಯ, ಸೋತವರು ಗೋಡೆಯ ಬಿಳಿ ಹಲಗೆಯ ಮೇಲೆ ತಮ್ಮ ಕೈಯಾರೆ ಪೆದ್ದ ಗೆದ್ದ ಎಂದು ಬರೆಯಬೇಕು, ಒಂದು ವಾರ ಅದನ್ನು ಯಾರೂ ಒರೆಸುವಂತಿಲ್ಲ. ಅವನೇ ಎಷ್ಟು ಜನರ ಕೈಲಿ ಬರೆಸಿ ಹಲ್ಲು ಕಿರಿದಿದ್ದಾನೆ.

ಫೋನು ಮೇಜಿನ ಮೇಲೆ ಬೋರಲಾಗಿ ಮಲಗಿದೆ, ಅವನೇ ಬೋರಲು ಹಾಕಿದ್ದು, ಆದರೂ ಅಂಚಿನಲ್ಲಿ ಬೆಳಕು ಬಂದು ಹೋಗುತ್ತದೆ, ಹೆಂಡತಿ, ಮತ್ತೆ ಹೆಂಡತಿ, ಚಪ್ಪಲಿ ಅಂಗಡಿಯ ಕೌಂಟರಿನಲ್ಲಿ ಗಿರಾಕಿಯ ಪಾದ ಒಂದು ಕೈಲಿ ಹಿಡಿದು ಇನ್ನೊಂದು ಕೈಲಿ ಫೋನು ಒತ್ತುತ್ತಿರುತ್ತಾಳೆ, ಏನು ಕೇಳುತ್ತಾಳೆಂದು ಗೊತ್ತು, ಹೇಳಿದ್ರಾ, ಡಾಕ್ಟರಮ್ಮಂಗೆ ಹೇಳಿದ್ರಾ, ಅಷ್ಟೇ — ಬೆಳಿಗ್ಗೆ ಮಗಳನ್ನು ನೋಡುತ್ತಿರುವ ಡಾಕ್ಟರಮ್ಮನೇ ಫೋನು ಮಾಡಿದ್ದು, ಅಡುಗೆಮನೆಯಲ್ಲಿ ಇಬ್ಬರೂ ಫೋನಿನ ಆಚೀಚೆ ನಿಂತು ಕೇಳಿಸಿಕೊಂಡರು, ನೋಡಿ, ನಮ್ಮ ವಾರ್ಡಲ್ಲಿ ಒಂದು ಹಾಸಿಗೆ ಖಾಲಿ ಆಗ್ತಿದೆ, ಸಂಜೆ ಐದರೊಳಗೆ ಹೇಳಿಬಿಡಿ, ಹುಡುಗಿಗೆ ಇನ್ನೂ ಹದಿನಾರು, ಅಪ್ಪ ಅಮ್ಮ ಇಬ್ರೂ ಒಪ್ಪಬೇಕು, ಇಲ್ಲಾಂದ್ರೆ ಮುಂದಿನವರಿಗೆ ಹೋಗುತ್ತೆ, ಮತ್ತೆ ಯಾವಾಗ ಸಿಗುತ್ತೋ ನಾನು ಹೇಳಲಾರೆ, ಹೋದ ಸಲ ಅವಳ ಎದೆ ಬಡಿತ ತುಂಬ ನಿಧಾನ ಇತ್ತು, ನಂಗದು ಸರಿ ಕಾಣ್ಲಿಲ್ಲ. ನಾನು ಒಪ್ಪಿ ಆಯ್ತು, ನಿಮ್ದೇ ಬಾಕಿ, ಎಂದು ಹೆಂಡತಿ ಅಂಗಡಿಗೆ ಹೊರಟುಬಿಟ್ಟಳು, ಬಾಗಿಲು ದಡಾರನೆ ಹಾಕಲಿಲ್ಲ, ಮೆಲ್ಲಗೆ ಹಾಕಿದಳು, ದಡಾರನೆ ಹಾಕಿದ್ದರೆ ಜಗಳವಾದರೂ ಆಡಬಹುದಿತ್ತು. ಮಗಳು ಹುಟ್ಟಿದಾಗ ಎಷ್ಟು ಗುಂಡಗಿದ್ದಳೆಂದರೆ ನರ್ಸು ಎರಡು ಕೈಯಲ್ಲಿ ಎತ್ತಿಕೊಟ್ಟು ಹಿಡ್ಕೊಳ್ಳಿ ನಿಮ್ಮ ಗುಂಡಮ್ಮನ್ನ ಎಂದಿದ್ದಳು, ಹೆಸರು ಹಾಗೇ ಅಂಟಿತು, ಈಗಲೂ ಅದೇ ಹೆಸರು, ಈಗ ಆ ಹೆಸರಿನಿಂದ ಕರೆಯಲು ನಾಲಿಗೆ ಏಳುವುದಿಲ್ಲ, ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತದೆ, ಚಪ್ಪಲಿ ಪಾದದಿಂದ ಜಾರುತ್ತದೆ, ಶಾಲೆ ಬಿಟ್ಟು, ಊಟ ಬಿಟ್ಟು, ಕೋಣೆ ಸೇರಿ ಎಂಟು ತಿಂಗಳು, ಯಾಕೆ ಎಂದು ಕೇಳಬೇಡಿ, ಕೇಳದವರು ಯಾರೂ ಉಳಿದಿಲ್ಲ, ಅತ್ತೆ ಕೇಳಿದರು, ಭಾವಮೈದುನ ಕೇಳಿದ, ಮೇಷ್ಟ್ರು ಕೇಳಿದರು, ಅವಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು, ಏನಿಲ್ಲ, ಆಮೇಲೆ ಅದನ್ನೂ ಕೊಡುವುದು ಬಿಟ್ಟಳು. ಸಂಜೆ ಅವನು ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾನೆ, ಮೊಟ್ಟೆ, ಬ್ರೆಡ್ಡು, ಒಂದು ಲೋಟ ಹಾಲು, ಬಾಗಿಲ ಕೆಳಗೆ ಬೆಳಕಿನ ಒಂದು ಗೆರೆ, ತೆಳ್ಳಗೆ, ಹಳದಿ, ಇವತ್ತು ತೆಗೆಯುತ್ತಾಳೆ ಎಂದುಕೊಳ್ಳುತ್ತಾನೆ, ಕೊನೆಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಟಿಕ್, ಗೆರೆ ಇಲ್ಲ. ತಟ್ಟೆಯನ್ನು ನೆಲಕ್ಕಿಟ್ಟು ಅವನು ಕೆಳಗೆ ಬರುತ್ತಾನೆ.

ಬಂತಾ ರಿಸಲ್ಟು, ಎನ್ನುತ್ತ ಚಾಳೀಸಮ್ಮ ಬಂದಳು, ಎದುರು ಮೇಜಿನ ಸಹೋದ್ಯೋಗಿ, ಚಾಳೀಸು ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುವುದರಿಂದ ಆ ಹೆಸರು, ಅವಳಿಗೂ ಗೊತ್ತು, ಬೇಜಾರಿಲ್ಲ, ಇನ್ನೂ ಓಡ್ತಿದೆ ಎಂದ ಅವನು, ಓಡ್ಲಿ ಬಿಡಿ, ಪೆದ್ದ ಎಲ್ಲಿಗೂ ಹೋಗಲ್ಲ, ಎಂದು ನಕ್ಕು ತನ್ನ ಜಾಗಕ್ಕೆ ಹೋದಳು — ನಿನ್ನೆ ತಪ್ಪು ಹಿಡಿದವಳು ಅವಳೇ, ಅಲ್ಲಿಯವರೆಗೆ ಜಾಣ ಗೆದ್ದು ಬೀಗುತ್ತಿದ್ದ, ಪೆದ್ದನನ್ನು ನೆಲ ಕಚ್ಚಿಸಿದ್ದ, ಸಾಹೇಬರು ಆ ಬಣ್ಣಬಣ್ಣದ ಗೆರೆಗಳನ್ನು ಬಂದ ಅತಿಥಿಗಳಿಗೆಲ್ಲ ತೋರಿಸಿ ಮೆರೆದಿದ್ದರು, ನಿನ್ನೆ ಚಾಳೀಸಮ್ಮ ಕನ್ನಡಕ ಏರಿಸಿ, ಅಲ್ರೀ, ಸೋಮವಾರ ನಿಂತ್ಕೊಂಡು ಹೇಳೋ ಅಂದಾಜಿಗೆ ಗುರುವಾರದ ಅಂಕಿ ಹೇಗ್ರೀ ಬಂತು, ಅಂದಳು, ಬಂದಿತ್ತು, ಹೌದು, ಅಂಕಿಗಳು ತೀರ ಕುಣಿಯುತ್ತವೆ ಎಂದು ಅವನು ಅವುಗಳನ್ನು ನಯ ಮಾಡಿದ್ದ, ಒಂದೊಂದು ದಿನಕ್ಕೂ ಹಿಂದಿನ ಮೂರು ದಿನ ಮುಂದಿನ ಮೂರು ದಿನ ಸೇರಿಸಿ ಸರಾಸರಿ, ನೋಡಲು ಎಷ್ಟು ಚೆಂದದ ಗೆರೆ, ಇಸ್ತ್ರಿ ಮಾಡಿದ ಹಾಗೆ, ಆದರೆ ಮುಂದಿನ ಮೂರು ದಿನ, ಮುಂದಿನ ಮೂರು ದಿನ ಅವತ್ತಿಗೆ ಎಲ್ಲಿ ಹುಟ್ಟಿತ್ತು, ತೆರೆಯ ಅಡಿಯಿಂದ ಜಾಣ ಇಣುಕಿ ನೋಡುತ್ತಿದ್ದ, ಪರೀಕ್ಷೆಗೆ ಉತ್ತರ ಪತ್ರಿಕೆ ಜೇಬಿನಲ್ಲಿಟ್ಟುಕೊಂಡು ಬಂದವನ ಹಾಗೆ, ಎರಡು ವರ್ಷದ ಜಾಣತನವೆಲ್ಲ ಆ ಇಣುಕುನೋಟ. ತಾನು ಬೇಕೆಂದು ಮಾಡಿದ್ದಲ್ಲ, ಯಾರೂ ಬೇಕೆಂದು ಮಾಡುವುದಿಲ್ಲ, ನಯವಾದ ಗೆರೆ ನೋಡಿದರೆ ಕಣ್ಣು ಸುಮ್ಮನಾಗುತ್ತದೆ, ಅಷ್ಟೇ. ನಿನ್ನೆ ಸಂಜೆಯೇ ಆ ಸರಾಸರಿಯನ್ನು ಕಿತ್ತುಹಾಕಿ, ಹಿಂದಿನದ್ದು ಮಾತ್ರ ಕಾಣುವ ಹಾಗೆ ತಿದ್ದಿ, ಇವತ್ತು ಬೆಳಿಗ್ಗೆ ಬಂದವನೇ ಮತ್ತೆ ಓಡಲು ಬಿಟ್ಟಿದ್ದಾನೆ, ಕಿರ್ರ್, ಎಡಕ್ಕೆ, ಬಲಕ್ಕೆ, ಕಿರ್ರ್, ಪಟ್ಟಿ ಅರ್ಧ ದಾಟಿತು, ಫೋನಿನ ಅಂಚು ಬೆಳಗಿತು, ಆರಿತು. ಅವನು ನೀರು ಕುಡಿದ.

ಸುಧಾರಿಸ್ತಿದಾಳೆ ಕಣೇ, ಎಂದಿದ್ದ ಮೊನ್ನೆ, ಯಾವ ಕಣ್ಣಲ್ಲಿ ನೋಡಿ ಹೇಳ್ತೀರಿ, ಎಂದಳು ಹೆಂಡತಿ, ಹೋದ ತಿಂಗಳಿಗೆ ಹೋಲಿಸು, ಎಂದ, ಹೋದ ತಿಂಗಳು ಏನಾಗಿತ್ತು ಹೇಳಿ ನೋಡೋಣ, ಎಂದಳು, ಅವನಿಗೆ ಆ ಒಂದು ಸಂಜೆ ನೆನಪಾಯಿತು, ಆ ಸಂಜೆ ಬಿಟ್ಟು ಬೇರೆ ಯಾವುದೂ ನೆನಪಾಗಲಿಲ್ಲ — ಯಾರೂ ಕರೆಯದೆ ಮಗಳು ತಾನಾಗಿ ಕೆಳಗಿಳಿದು ಬಂದಳು, ಕಾಲುಚೀಲ ಹಾಕಿಕೊಂಡಿದ್ದಳು, ಒಂದು ಹಳದಿ ಒಂದು ನೀಲಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು, ಮೊಟ್ಟೆ ಇಡೀ ತಿಂದಳು, ಹಳದಿಯನ್ನೂ, ಬ್ರೆಡ್ಡಿನ ಅಂಚನ್ನೂ, ಏನಪ್ಪಾ ನಿನ್ನ ಪೆದ್ದ ಹೇಗಿದಾನೆ, ಅಂದಳು, ಅವನು ನಕ್ಕ, ಹೆಂಡತಿ ಬೆನ್ನು ತಿರುಗಿಸಿ ನಲ್ಲಿ ಬಿಟ್ಟು ಸುಮ್ಮಸುಮ್ಮನೆ ಪಾತ್ರೆ ತೊಳೆದಳು, ಅಳುವಾಗ ಅವಳು ನಲ್ಲಿ ಬಿಡುತ್ತಾಳೆ. ಆ ಸಂಜೆಯನ್ನು ಅವನು ಇಡೀ ತಿಂಗಳಿಗೆ ಹಚ್ಚಿದ್ದ, ಬೆಣ್ಣೆ ಹಚ್ಚಿದ ಹಾಗೆ, ಹಿಂದಕ್ಕೂ ಹಚ್ಚಿದ ಮುಂದಕ್ಕೂ ಹಚ್ಚಿದ, ಅದರ ಹಿಂದಿನ ವಾರ ನೆನೆದರೆ ಅಲ್ಲಿ ಆಗಲೇ ಏನೋ ಒಳ್ಳೆಯದು ಮೊಳೆಯುತ್ತಿದ್ದ ಹಾಗೆ ಕಾಣುತ್ತಿತ್ತು, ಮುಂದಿನ ವಾರ ನೆನೆದರೆ ಅದರ ಬಿಸಿ ಇನ್ನೂ ಆರಿಲ್ಲದ ಹಾಗೆ, ನಯವಾದ ಗೆರೆ, ಮೇಲಕ್ಕೆ ಹೋಗುವ ಗೆರೆ, ಅಲ್ರೀ, ಸೋಮವಾರ ನಿಂತ್ಕೊಂಡು ಹೇಳೋದಕ್ಕೆ ಗುರುವಾರ ಹೇಗ್ರೀ ಬಂತು. ಅಯ್ಯೋ. ಅವನು ಕೈಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಟಿಂಗ್ ಎಂದಿತು ಪರದೆ, ಮುಗಿಯಿತು, ಎರಡು ಅಂಕಿ, ಮೇಲೊಂದು ಕೆಳಗೊಂದು, ದಿನಕ್ಕೆ ಸರಾಸರಿ ಎಷ್ಟು ಚೀಲ ತಪ್ಪು ಹೇಳಿದರು ಎಂಬ ಲೆಕ್ಕ, ಜಾಣ ಆರು, ಪೆದ್ದ ಐದು. ಕಣ್ಣು ಮೊದಲು ಅದಲುಬದಲು ಓದಿತು, ಮತ್ತೆ ಓದಿತು, ಜಾಣ ಆರು, ಪೆದ್ದ ಐದು, ಎರಡು ವರ್ಷ, ಹವೆ, ರಜೆ, ಶಸ್ತ್ರಚಿಕಿತ್ಸೆ, ಎಲ್ಲ ನೀರಿನಲ್ಲಿ ಹೋಮ, ಇರಲಿ ತಡಿ, ಆ ದೊಡ್ಡ ಬಸ್ಸು ಅಪಘಾತದ ವಾರ ಇದೆಯಲ್ಲ, ಅದನ್ನು ಲೆಕ್ಕದಿಂದ ತೆಗೆದರೆ, ಅದು ಯಾರಿಗೆ ಗೊತ್ತಿತ್ತು, ನ್ಯಾಯವಾಗಿ ತೆಗೆಯಬೇಕು, ತೆಗೆದ, ಸ್ವಲ್ಪ ಹತ್ತಿರ ಬಂತು, ಆ ಜ್ವರದ ಹಾವಳಿಯ ತಿಂಗಳು, ಅದೂ ಮಾಮೂಲಿ ತಿಂಗಳಲ್ಲ, ತೆಗೆದ, ಇನ್ನೂ ಹತ್ತಿರ, ಮಳೆಗಾಲ ತೆಗೆದರೆ, ಸೋಮವಾರಗಳನ್ನು ತೆಗೆದರೆ — ಕೈ ತಾನಾಗಿ ನಿಂತಿತು. ಹೀಗೆ ತೆಗೆಯುತ್ತ ಹೋದರೆ ಜಾಣ ಗೆಲ್ಲುವ ಒಂದು ದಿನ ಎಲ್ಲಾದರೂ ಸಿಕ್ಕೇ ಸಿಗುತ್ತದೆ, ಅದೊಂದನ್ನು ಉಳಿಸಿಕೊಂಡು ಮಿಕ್ಕ ಎರಡು ವರ್ಷವನ್ನು ಕಸದ ಡಬ್ಬಿಗೆ ಹಾಕಬಹುದು, ಬೇರೆಯವರು ಹೀಗೆ ಮಾಡಿದಾಗ ಅವನು ಎಷ್ಟು ಹೀಯಾಳಿಸಿದ್ದಾನೆ, ಏನಪ್ಪಾ, ಗೆದ್ದ ದಿನ ಮಾತ್ರ ಆಟ ಆಡ್ತೀಯಾ, ಎಂದು. ತಾನೇನು ಮಾಡಿದ್ದ ಮನೆಯಲ್ಲಿ, ಶೀತ ಆಗಿತ್ತು ಕಣೇ ಆ ವಾರ, ಅದು ಲೆಕ್ಕಕ್ಕಿಲ್ಲ, ಶಾಲೆಯಿಂದ ಕಾಗದ ಬಂತಲ್ಲ ಅವತ್ತು, ಅದಕ್ಕೇ ತಿಂದಿಲ್ಲ, ಲೆಕ್ಕಕ್ಕಿಲ್ಲ, ಅತ್ತೆ ಬಂದಿದ್ದರು, ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲದ ದಿನಗಳನ್ನೆಲ್ಲ ತೆಗೆದು ತೆಗೆದು ಕೊನೆಗೆ ಉಳಿದದ್ದು ಒಂದು ಮೊಟ್ಟೆ, ಒಂದು ಹಳದಿ ಕಾಲುಚೀಲ, ಒಂದು ನೀಲಿ ಕಾಲುಚೀಲ. ತೆಗೆದ ವಾರಗಳನ್ನೆಲ್ಲ ಮತ್ತೆ ಸೇರಿಸಿದ, ಎದ್ದ, ಕುರ್ಚಿ ಹಿಂದಕ್ಕೆ ಉರುಳಿತು, ಬಿಳಿ ಹಲಗೆಯ ಹತ್ತಿರ ಹೋಗಿ ಪೆನ್ನಿನ ಮುಚ್ಚಳ ತೆಗೆದು ದೊಡ್ಡದಾಗಿ ಬರೆದ, ಪೆದ್ದ ಗೆದ್ದ, ಹಿಂದಿನಿಂದ ಚಾಳೀಸಮ್ಮ ಚಪ್ಪಾಳೆ ತಟ್ಟಿದಳು, ಯಾರೋ ಶಿಳ್ಳೆ ಹಾಕಿದರು, ಅಯ್ಯೋ ಮುಖ ಯಾಕ್ರೀ ಹಾಗೆ ಮಾಡ್ಕೊಂಡ್ರಿ, ಮಾಡೆಲ್ ತಾನೆ, ಎಂದಳು ಅವಳು ಹತ್ತಿರ ಬಂದು, ಹೂಂ ಮಾಡೆಲ್ಲೇ ಎಂದ, ಸಾಹೇಬರಿಗೆ ನಾನೇ ಹೇಳ್ತೀನಿ ಬಿಡಿ, ಪೆದ್ದನ್ನೇ ಇಟ್ಕೊಂಡು ಎರಡು ಚೀಲ ಜಾಸ್ತಿ ತರಿಸೋಣ, ಯಾರೂ ಸಾಯಲ್ಲ, ಎಂದಳು. ಅವಳಿಗೆ ಮಗಳ ವಿಷಯ ಗೊತ್ತಿಲ್ಲ, ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಆಫೀಸಿನ ಮೆಟ್ಟಿಲ ಮೂಲೆಯಲ್ಲಿ ಕಿಟಕಿ ಇದೆ, ಫೋನು ಜೇಬಿಗೆ ಹಾಕಿಕೊಂಡು ಬಂದು ಅಲ್ಲಿ ನಿಂತರೆ ಕೆಳಗೆ ಆಂಬುಲೆನ್ಸು ತಿರುಗಿಸುವ ಜಾಗ, ಒಬ್ಬ ಚಾಲಕ ಬಾಗಿಲು ತೆರೆದಿಟ್ಟು ಬಾಳೆಹಣ್ಣು ತಿನ್ನುತ್ತಿದ್ದಾನೆ, ನಾಲ್ಕೂವರೆ ಆಗಿರಬಹುದು, ಸರಿ, ಓಡಿಸು ಮನೆಯ ಪಂದ್ಯವನ್ನೂ, ಓಡಿಸಿಬಿಡು, ಯಂತ್ರ ಬೇಕಾಗಿಲ್ಲ ಇದಕ್ಕೆ, ಎಂಟು ತಿಂಗಳ ಹಿಂದಕ್ಕೆ ಹೋಗಿ ನಿಲ್ಲು, ಆ ಸಂಜೆ ಗೊತ್ತೇ ಇಲ್ಲ ನಿನಗೆ, ಹಳದಿ ನೀಲಿ ಗೊತ್ತಿಲ್ಲ, ತೆರೆ ಎಳಿ, ಹೇಳು, ನಾಳೆ ಏನು — ಶಾಲೆಗೆ ಹೋಗ್ತಾಳೆ ಬಿಡು, ತಲೆನೋವು ಅಷ್ಟೇ, ತೆರೆ ಸರಿಸು, ಹೋಗಲಿಲ್ಲ. ಮತ್ತೊಂದು ವಾರ, ಕೆಳಗೆ ಬಂದು ಜೊತೆಗೆ ಊಟಕ್ಕೆ ಕೂರ್ತಾಳೆ, ತೆರೆ ಸರಿಸು, ಬಾಗಿಲ ಕೆಳಗೆ ಗೆರೆ, ಟಿಕ್, ಇಲ್ಲ. ಮತ್ತೊಂದು, ಹಾಲಾದರೂ ಕುಡೀತಾಳೆ, ಲೋಟದಲ್ಲಿ ಕೆನೆ ಕಟ್ಟಿ ಹಾಗೇ ಇದೆ, ಮತ್ತೊಂದು, ಇವತ್ತು ಬಾಗಿಲು ತೆಗೀತಾಳೆ, ಗೆರೆ, ಟಿಕ್, ಮತ್ತೊಂದು, ಗೆರೆ, ಟಿಕ್, ಒಂದು ದಿನವಾದರೂ ನೀನು ಇಲ್ಲ ಎಂದಿದ್ದೀಯಾ, ಒಂದು ದಿನ, ಇಲ್ಲ, ದಿನಾ ಹೌದು ಎಂದಿದ್ದಾನೆ, ದಿನಾ ತಪ್ಪಿದ್ದಾನೆ, ಒಂದೇ ಒಂದು ಸಲ ಸರಿ, ಆ ಒಂದು ಸಲಕ್ಕೆ ಅವನು ತಟ್ಟೆ ಹಿಡಿದು ಮೆಟ್ಟಿಲೂ ಹತ್ತಿರಲಿಲ್ಲ, ಅವಳೇ ಬಂದಿದ್ದು. ಪೆದ್ದನನ್ನು ಈ ಪಂದ್ಯಕ್ಕೆ ನಿಲ್ಲಿಸಿದ್ದರೆ ಏನೆನ್ನುತ್ತಿದ್ದ, ಪೆದ್ದನಿಗೆ ಆಸೆ ಇಲ್ಲ, ಮಗಳಿಲ್ಲ, ಕಳೆದ ವಾರದ ಹಾಗೆಯೇ ಈ ವಾರ ಎನ್ನುತ್ತಿದ್ದ, ಪ್ರತಿ ವಾರ ಅಪ್ಪನನ್ನು ಸೋಲಿಸುತ್ತಿದ್ದ, ಸರಿ ಪೆದ್ದ ಗೆದ್ದ, ಬರಿ ಅದನ್ನೂ ಹಲಗೆ ಮೇಲೆ — ತಡಿ. ತಡಿ, ಪೆದ್ದ ಗೆದ್ದನೇ, ಕಳೆದ ವಾರದ ಹಾಗೆಯೇ ಎಂದ, ಕಳೆದ ವಾರ ಅರ್ಧ ಮೊಟ್ಟೆ, ಈ ವಾರ ಬಿಳಿಯ ಭಾಗ ಮಾತ್ರ, ಕಳೆದ ವಾರದ ಹಾಗೆಯೇ ಎಂದ, ಬಿಳಿಯಲ್ಲಿ ಒಂದು ಚೂರು, ಕಳೆದ ವಾರ ಚಪ್ಪಲಿ ಜಾರುತ್ತಿತ್ತು, ಈ ವಾರ ಚಪ್ಪಲಿ ಹಾಕುವುದೇ ಇಲ್ಲ, ಕಳೆದ ವಾರ ಬಾಗಿಲಾಚೆಯಿಂದ ಹೂಂ ಎಂದಿದ್ದಳು, ಈ ವಾರ ಅದೂ ಇಲ್ಲ, ಪೆದ್ದನೂ ತಪ್ಪುತ್ತಿದ್ದ, ಸ್ವಲ್ಪ ಸ್ವಲ್ಪ, ಪ್ರತಿ ಸಲ, ಮತ್ತು ಪ್ರತಿ ಸಲ ಒಂದೇ ಕಡೆಗೆ. ಒಮ್ಮೆ ಮೇಲೆ ಒಮ್ಮೆ ಕೆಳಗೆ ತಪ್ಪಿದರೆ ಅದು ದಿನಗಳ ಕುಣಿತ, ಚಿಂತೆಯಿಲ್ಲ, ಒಂದೇ ಕಡೆಗೆ ತಪ್ಪುತ್ತ ಹೋದರೆ ಅದು ಇಳಿಜಾರು ಎಂದು ಅವನಿಗೆ ಗೊತ್ತು, ಈ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಅದನ್ನು ಹೇಳುವುದೇ ಅವನ ಕೆಲಸ, ಕಳೆದ ವಾರದ ಹಾಗೆಯೇ ಎನ್ನುವ ಪೆದ್ದನೇ ಇಲ್ಲಿ ಆಶಾವಾದಿ. ಕಿಟಕಿಯ ಕಂಬಿ ಹಿಡಿದುಕೊಂಡ. ಆದರೆ ಅವತ್ತು ಕಾರಿನಲ್ಲಿ ಕೈ ಹಿಡಿದು ಕೇಳಿದ್ದಳಲ್ಲ, ಮೊದಲ ಸಲ ಡಾಕ್ಟರಮ್ಮನ ಹತ್ತಿರ ಕರೆದೊಯ್ದಾಗ, ಇಳಿಯದೆ ಬೆಲ್ಟು ಬಿಗಿಯಾಗಿ ಹಿಡಿದು, ಅಪ್ಪಾ ನನ್ನ ಇಲ್ಲಿ ಬಿಟ್ಟು ಹೋಗಲ್ಲ ತಾನೆ, ಛೇ, ಬಿಡ್ತೀನಾ ನಾನು, ಎಂದಿದ್ದ, ಎಷ್ಟು ಸುಲಭವಾಗಿ ಎಂದುಬಿಟ್ಟ, ಆ ವಾರ್ಡಿನಲ್ಲಿ ಮೊದಮೊದಲು ಅಪ್ಪ ಅಮ್ಮನನ್ನು ಒಳಗೆ ಬಿಡುವುದಿಲ್ಲವಂತೆ, ಒಪ್ಪಿದರೆ ಅವಳು ಜನ್ಮದಲ್ಲಿ ಅವನ ಮುಖ ನೋಡುವುದಿಲ್ಲ, ಒಪ್ಪದಿದ್ದರೆ, ಒಪ್ಪದಿದ್ದರೆ ಕಳೆದ ವಾರಕ್ಕಿಂತ ಸ್ವಲ್ಪ ಕಡಿಮೆ, ಅದಕ್ಕಿಂತ ಸ್ವಲ್ಪ ಕಡಿಮೆ, ಎದೆ ಬಡಿತ ನಿಧಾನ, ಇನ್ನೂ ನಿಧಾನ. ಎರಡು ಬಾಗಿಲು, ಎರಡಕ್ಕೂ ಹೊರಗಿನಿಂದ ಚಿಲಕ. ಅವನಿಗೆ ಹೆದರಿಕೆಯಾಯಿತು, ಮಕ್ಕಳಿಗಾಗುವಂಥ ಹೆದರಿಕೆ, ಅಮ್ಮನನ್ನು ಕರೆಯಬೇಕೆನ್ನಿಸುವಂಥದ್ದು, ಫೋನು ತೆಗೆದು ಒತ್ತಿದ, ಡಾಕ್ಟರಮ್ಮ ಹಲೋ ಎಂದರು, ಅವನು ಆಯ್ತು ಎಂದ, ಏನಾಯ್ತು ಹೇಳಿ ಎಂದರು, ಹಾಸಿಗೆ, ಒಪ್ಪಿದೀವಿ, ಇಬ್ರೂ, ಎಂದ, ಒಳ್ಳೇದು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕರ್ಕೊಂಡು ಬನ್ನಿ, ಇವತ್ತೇ ಅವಳಿಗೆ ಹೇಳಿಬಿಡಿ, ಮರೆಮಾಚಿ ಕರ್ಕೊಂಡು ಬರಬೇಡಿ, ನೀವೇ ಹೇಳಿ, ಎಂದರು. ಹೆಂಡತಿಗೆ ಫೋನು ಮಾಡಿ ಹೇಳಿದ, ಆಚೆ ಯಾರೋ ಗಿರಾಕಿ ಇನ್ನೊಂದು ನಂಬರ್ ತೋರಿಸಿ ಎನ್ನುತ್ತಿದ್ದರು.

ಮನೆಯ ಮೆಟ್ಟಿಲು, ಇವತ್ತು ಕೈಯಲ್ಲಿ ತಟ್ಟೆ ಇಲ್ಲ, ತಟ್ಟೆ ಇಲ್ಲದ ಕೈಯನ್ನು ಎಲ್ಲಿಡುವುದು ತಿಳಿಯುತ್ತಿಲ್ಲ, ಕೆಳಗೆ ಹೆಂಡತಿ ಬ್ಯಾಗು ಹೆಗಲಿನಿಂದ ಇಳಿಸದೆ ನಿಂತಿದ್ದಾಳೆ, ನಾನೂ ಬರ್ಲಾ ಎಂದಳು, ಬೇಡ, ನಾನೇ ಹೇಳ್ತೀನಿ ಎಂದ, ಹತ್ತುತ್ತಾನೆ, ಅಲ್ಲಿದೆ, ಬಾಗಿಲ ಕೆಳಗೆ ಗೆರೆ, ತೆಳ್ಳಗೆ, ಹಳದಿ, ಇನ್ನೇನು ಆರುತ್ತದೆ, ಕೊನೆಯ ಮೆಟ್ಟಿಲು, ಕಾಲಿಟ್ಟ, ಆರಲಿಲ್ಲ. ನಿಂತ. ಆರಲಿಲ್ಲ. ಯಾಕೆ ಆರಲಿಲ್ಲ, ನಿದ್ದೆ ಬಂದಿರಬೇಕು, ಹೆಜ್ಜೆ ಕೇಳಿಸಿಲ್ಲ, ಇಲ್ಲ ಕೇಳಿಸಿದೆ, ಕೇಳಿಸಿಯೂ ಆರಿಸಿಲ್ಲ, ಎಂಟು ತಿಂಗಳಲ್ಲಿ ಇವತ್ತು, ಇವತ್ತೇ, ಎದೆಯೊಳಗೆ ಆ ಆಸೆ ಮತ್ತೆ ತಲೆ ಎತ್ತಿತು, ಕೊಂದು ಹೂತು ಬಂದಿದ್ದ, ಕಿಟಕಿಯ ಹತ್ತಿರ ನಿಂತು ತಾನೇ ಕೈಯಾರೆ, ಸಂಜೆಯಷ್ಟರಲ್ಲಿ ಎದ್ದು ಕೂತಿದೆ, ಸುಧಾರಿಸ್ತಿದಾಳೆ ನೋಡು, ನೋಡು, ಜೇಬಿನಲ್ಲಿ ಫೋನಿದೆ, ಡಾಕ್ಟರಮ್ಮ ಇನ್ನೂ ಮನೆಗೆ ಹೋಗಿರಲಿಕ್ಕಿಲ್ಲ, ಇನ್ನೊಂದು ವಾರ ನೋಡ್ತೀವಿ ಎಂದರೆ ಸಾಕು, ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು, ಮಗಳೇ, ಎಂದ, ಕೇಳಿಸ್ತಿದೆಯಾ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು, ಅಲ್ಲೇ ಇರಬೇಕಾಗುತ್ತೆ ನೀನು, ನಾವು ಒಳಗೆ ಬರೋ ಹಾಗಿಲ್ಲ, ನಾನು ಒಪ್ಕೊಂಡು ಬಂದಿದೀನಿ, ಅಮ್ಮ ಅಲ್ಲ, ನಾನು, ಬಯ್ಯೋದಿದ್ರೆ ನನ್ನ ಬಯ್ಯಿ. ಒಳಗೆ ಮಂಚ ಕಿರುಗುಟ್ಟಿತು, ಬರಿಗಾಲು ನೆಲಕ್ಕೆ ತಾಗಿದ ಸದ್ದು, ನಿಧಾನ, ತುಂಬ ನಿಧಾನ, ಗೆರೆಯೊಳಗೆ ಎರಡು ಕಪ್ಪು ತುಂಡುಗಳು ಬಂದು ನಿಂತವು, ಅವಳ ಪಾದ, ಬಾಗಿಲಿನ ಆಚೆ, ಇಷ್ಟು ಹತ್ತಿರ, ಹಲಗೆಯ ದಪ್ಪ ಅಷ್ಟೇ ನಡುವೆ. ಎಷ್ಟು ದಿನ, ಎಂದಳು, ಅಷ್ಟು ದಿನ ಮಾತಾಡದ ಗಂಟಲಿನ ದನಿ, ಎಷ್ಟು ದಿನ ಅಪ್ಪಾ — ಒಂದು ವಾರ ಕಣೇ, ಒಂದೇ ವಾರ, ನಾಲಿಗೆಯ ತುದಿಗೆ ಬಂದಿದೆ, ಸಿಹಿಯಾಗಿ, ಇಸ್ತ್ರಿ ಮಾಡಿದ ಹಾಗೆ ನಯವಾಗಿ, ಹೇಳಿಬಿಟ್ಟರೆ ಬಾಗಿಲು ತೆಗೆಯಬಹುದು, ಹೇಳು, ಇಷ್ಟು ವರ್ಷ ನಾಳೆಯನ್ನು ಹೇಳಿ ಅನ್ನ ತಿಂದವನು, ಹೇಳು, ಗೊತ್ತಿಲ್ಲ ಕಂದ, ಎಂದ, ನಂಗೆ ಗೊತ್ತಿಲ್ಲ, ಈಗ ಟಿಕ್ ಎನ್ನುತ್ತದೆ, ಈಗ, ಎನ್ನಲಿಲ್ಲ, ಬಾಗಿಲೂ ತೆಗೆಯಲಿಲ್ಲ, ಅವನು ಏನೂ ಅಂದುಕೊಳ್ಳಲಾರ, ಮುಂದಿನದ್ದಕ್ಕೆಲ್ಲ ತೆರೆ, ಗೆರೆ, ಗೆರೆಯಲ್ಲಿ ಎರಡು ಕಪ್ಪು ತುಂಡು, ಅಲ್ಲಾಡುತ್ತಿಲ್ಲ, ಗೆರೆ, ಎರಡು ಕಪ್ಪು ತುಂಡು, ಗೆರೆ